ಕೊನೆಯ ಒಂದು ಸುತ್ತು

ಇಪ್ಪತ್ತು ವರ್ಷದಿಂದ ಕುರ್ಚಿ ಮಾಡಿಕೊಂಡು ಬಂದ ಅಕ್ಕನ ಕೈ ಒರಟು, ಮಾತು ಅದಕ್ಕಿಂತ ಒರಟು. ಆ ಬೆಳಿಗ್ಗೆ ಅವಳು ತಂಗಿಯನ್ನೂ ಕರೆದುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದಳು. ತಂಗಿ ಗಂಡನನ್ನು ಬಿಟ್ಟು ಬಂದು ಹನ್ನೊಂದು ದಿನವಾಗಿತ್ತು. ಕಣ್ಣಿನ ಕೆಳಗಿನ ನೀಲಿ ಹಳದಿಗೆ ತಿರುಗಿತ್ತು. ಸುಮ್ಮನೆ ಕೂತರೆ ತಲೆ ಕೆಡುತ್ತದೆ ಎಂದು ಅಕ್ಕ ಅವಳನ್ನು ತನ್ನ ಕೆಲಸಕ್ಕೇ ಹಚ್ಚಿದ್ದಳು.

ಓರೆ ಕಾಲಿನ ಕುರ್ಚಿಗೆ ಅಂಟು ಹಚ್ಚಿ, ಒಣಗುವ ತನಕ ಹಿಡಿದಿಡಲು ಕಬ್ಬಿಣದ ಕ್ಲಾಂಪು ಬಿಗಿದರೆ ಅದು ಜಾರುತ್ತದೆ, ಮರದ ಮೇಲೆ ಕಲೆ ಬೀಳುತ್ತದೆ. ಮರದ ದವಡೆಯ ಕ್ಲಾಂಪೇ ಆಗಬೇಕು: ದಪ್ಪನೆಯ ಎರಡು ಮರದ ತುಂಡು, ಅವೆರಡನ್ನೂ ದಾಟಿ ಹೋಗುವ, ತುದಿಯಲ್ಲಿ ಹಿಡಿಯಿರುವ ಎರಡು ಉದ್ದ ತಿರುಪು. ಅಂಗಡಿ ನಡೆಸುವ ಮುದುಕರೊಬ್ಬರು ನಾಲ್ಕೈದು ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು.

"ಹೊಳಪು ನೋಡಿ ಮರುಳಾಗಬೇಡ," ಎಂದಳು ಅಕ್ಕ. "ಮರದ ಗೆರೆ ನೋಡು. ಅಡ್ಡಡ್ಡ ಹೋಗಿದ್ರೆ ಬಿಗಿದಾಗ ಸೀಳತ್ತೆ. ಎರಡೂ ಹಿಡಿ ಹಿಡ್ಕೊಂಡು ಸೈಕಲ್ ತುಳಿದ ಹಾಗೆ ಸುತ್ತು. ಮುಚ್ಚಿದ ಮೇಲೆ ಬೆಳಕಿಗೆ ಹಿಡಿ, ಸಂದಿ ಕಾಣಬಾರದು."

ತಂಗಿ ಒಂದೊಂದನ್ನೇ ಸುತ್ತಿ, ಕಿಟಕಿಯತ್ತ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. "ನನಗೆ ಗಂಡು ನೋಡುವಾಗ ನೀನು ಇಷ್ಟು ನೋಡಿರಲಿಲ್ಲ ಬಿಡು," ಎಂದಳು.

ಮುದುಕರು ನಕ್ಕುಬಿಟ್ಟರು. ಅಕ್ಕನಿಗೆ ನಗು ಬರಲಿಲ್ಲ. ಒಳ್ಳೆಯ ಹುಡುಗ, ಕಣ್ಣು ಮುಚ್ಚಿ ಒಪ್ಪಿಕೋ ಎಂದು ಹಟ ಹಿಡಿದವಳು ಅವಳೇ.

ಅಷ್ಟರಲ್ಲಿ ತಂಗಿಯ ಗಂಡ ಒಳಗೆ ಬಂದ. ಬೀದಿಯಲ್ಲಿ ಕಂಡು ಹಿಂದೆಯೇ ಬಂದಿದ್ದನೋ ಏನೋ.

"ನಡಿ ಮನೆಗೆ."

"ಬರಲ್ಲ," ಎಂದಳು ತಂಗಿ.

ಅವನು ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಹಣೆಯನ್ನು ಕಟ್ಟೆಯ ಅಂಚಿಗೆ ಅಪ್ಪಳಿಸಿದ. ಹಣೆ ಸೀಳಿ ರಕ್ತ ಮೂಗಿನ ಮೇಲೆ ಇಳಿಯಿತು. "ಬೇಡಪ್ಪಾ, ಬಿಡು ಅವಳನ್ನ," ಎನ್ನುತ್ತ ಅಡ್ಡ ಬಂದ ಮುದುಕರ ಬಾಯಿಗೆ ಗುದ್ದಿದ. ಅವರು ಮೊಳೆಯ ಡಬ್ಬಿಗಳ ಸಮೇತ ಉರುಳಿದರು; ಮೊಳೆಗಳ ನಡುವೆ ಎರಡು ಹಲ್ಲೂ ಬಿದ್ದವು. ಅವನು ಜಡೆ ಬಿಡದೆ ತಂಗಿಯನ್ನು ಬಾಗಿಲ ಕಡೆಗೆ ದರದರನೆ ಎಳೆಯತೊಡಗಿದ.

ಅಕ್ಕನ ಕೈಯಲ್ಲಿ ಎಲ್ಲಕ್ಕಿಂತ ದೊಡ್ಡ ಕ್ಲಾಂಪು ಇತ್ತು. ಬೀಸಿ ಅವನ ಮೊಣಕೈಗೆ ಹೊಡೆದಳು. ಒಣಕಟ್ಟಿಗೆ ಮುರಿದಂತೆ ಸದ್ದಾಯಿತು. ಜಡೆ ಅವನ ಕೈಯಿಂದ ಜಾರಿತು.

"ಎಲ್ಲಾ ನಿನ್ನಿಂದಲೇ ಹಾಳಾಗಿದ್ದು ಅತ್ತಿಗೆ," ಎಂದು ಅವನು ಎಡಗೈಯಿಂದ ಅವಳ ಕುತ್ತಿಗೆ ಅದುಮಿದ. ಅವಳ ಕಣ್ಣು ಕತ್ತಲಿಟ್ಟಿತು. ಸಿಕ್ಕ ಮಣಿಕಟ್ಟನ್ನು ಹಲ್ಲು ನಾಟುವಂತೆ ಕಚ್ಚಿ, ಮಂಡಿಗೆ ಒದ್ದಳು. ಅವನು ಕುಸಿಯುತ್ತ ಎಡಗೈಯಲ್ಲಿ ಕಟ್ಟೆಯ ಅಂಚು ಹಿಡಿದುಕೊಂಡ. ಅವಳು ಆ ಕೈಯನ್ನು ಕಿತ್ತು, ಬೆರಳುಗಳನ್ನು ಕ್ಲಾಂಪಿನ ತೆರೆದ ದವಡೆಗಳ ನಡುವೆ ತೂರಿಸಿ ಮುಂದಿನ ತಿರುಪು ಬಿಗಿದಳು. ಆಮೇಲೆ ಹಿಂದಿನದು. ಅವಳ ಕೈಗೆ ಅದು ದಿನನಿತ್ಯದ ಕೆಲಸ. ಅವನು ಅರಚಿದ. ಒಂದು ಬೆರಳು ಲಟಕ್ಕೆಂದಿತು.

"ಬಿಟ್ಬಿಡು ಅತ್ತಿಗೆ. ಹೋಗ್ತೀನಿ. ಇನ್ನು ಈ ಕಡೆ ತಲೆ ಹಾಕಲ್ಲ."

ಮಂಡಿಯೂರಿ ಕೂತವನಲ್ಲಿ ಏಳುವ ತ್ರಾಣವೇ ಇರಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು, ಅದು ಅಕ್ಕನಿಗೂ ಗೊತ್ತಿತ್ತು. ಅವನ ಮುಖವನ್ನೇ ನೋಡುತ್ತ ಹಿಂದಿನ ತಿರುಪನ್ನು ಇನ್ನೊಂದು ಸುತ್ತು ಸುತ್ತಿದಳು. ಇನ್ನೊಂದು ಬೆರಳೂ ಹೋಯಿತು.

"ಸಾಕು ಅಕ್ಕ. ನಿನ್ನ ಕಾಲು ಹಿಡೀತೀನಿ, ಸಾಕು."

ತಂಗಿಯ ಮೆಲ್ಲಗಿನ, ನಡುಗುವ ದನಿ. ಅವಳು ಗಂಡನ ಮುಂದೆ ಬೇಡಿಕೊಳ್ಳುತ್ತಿದ್ದುದೂ ಇದೇ ದನಿಯಲ್ಲಿ ಎಂದು ಅಕ್ಕನಿಗೆ ಥಟ್ಟನೆ ಹೊಳೆಯಿತು. ಅಕ್ಕನ ಕೈ ತಿರುಪಿನಿಂದ ತಾನಾಗಿಯೇ ಕಳಚಿಕೊಂಡಿತು.

ತಂಗಿಯ ಹಣೆಗೆ ಏಳು ಹೊಲಿಗೆ ಬಿದ್ದವು. ಅವನ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಕೋರ್ಟಿನಲ್ಲಿ ಮುದುಕರು ಕಂಡದ್ದನ್ನು ಕಂಡಂತೆ ಹೇಳಿದರು, ಆ ಕೊನೆಯ ಸುತ್ತನ್ನೂ ಮುಚ್ಚಿಡಲಿಲ್ಲ. ಅವನಿಗೆ ಎರಡು ವರ್ಷ ಜೈಲಾಯಿತು. ಅಕ್ಕನಿಗೆ ಛೀಮಾರಿ ಹಾಕಿ ಬಿಟ್ಟರು.

ತಂಗಿ ಕೆಲಸಕ್ಕೇನೋ ಬಂದಳು. ಆದರೆ ಅಕ್ಕ ಏನಾದರೂ ಎತ್ತಿಕೊಳ್ಳಲು ಫಕ್ಕನೆ ಕೈ ಚಾಚಿದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಅಕ್ಕ ಅದನ್ನು ಕಂಡೂ ಕಾಣದಂತೆ ಇದ್ದಳು. ತೀರ್ಪಾಗಿ ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ತಂಗಿ ಕುರ್ಚಿಯ ಕಾಲೊಂದಕ್ಕೆ ಉಪ್ಪುಕಾಗದ ತಿಕ್ಕುತ್ತ, ತಲೆ ಎತ್ತದೆ ಕೇಳಿದಳು:

"ಬಿಡು ಅಂದ್ನಲ್ಲ ಅವನು. ಆಮೇಲೂ ಯಾಕೆ ಸುತ್ತಿದೆ?"

ನಿನಗೋಸ್ಕರ ಎಂಬ ಮಾತು ಅಕ್ಕನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಸುತ್ತಬೇಕು ಅನ್ನಿಸ್ತು. ಖುಷಿ ಆಯ್ತು. ಸುಳ್ಳು ಹೇಳಲ್ಲ."

ತಂಗಿ ತುಂಬ ಹೊತ್ತು ತಿಕ್ಕಿದಳು. ಆಮೇಲೆ ಕಾಲನ್ನು ಊದಿ, ಧೂಳು ಹಾರಿಸಿ, ಅಕ್ಕನ ಕಡೆ ಚಾಚಿದಳು. "ನಯ ಸಾಕಾ, ನೋಡು," ಎಂದಳು. ಇಬ್ಬರ ನಡುವೆ ಕೆಲಸದ ಮೇಜು ಇತ್ತು. ಅಕ್ಕ ಅದನ್ನು ಸುತ್ತಿ ಬರಲಿಲ್ಲ. ಇದ್ದಲ್ಲಿಂದಲೇ, ನಿಧಾನವಾಗಿ ಕೈ ಮುಂದೆ ಮಾಡಿದಳು.