ಬೇಕಿಲ್ಲದ ರಕ್ತ

ಯಂತ್ರ ಟಿಣ್ ಎಂದಿತು. ನಡುರಾತ್ರಿಯ ಲ್ಯಾಬಿನಲ್ಲಿ ಒಬ್ಬಳೇ ಕೂತಿದ್ದ ಟೆಕ್ನಿಷಿಯನ್ ಅಷ್ಟು ಸಣ್ಣ ಸದ್ದಿಗೇ ಎದ್ದು ಬಂದಳು. ಕಂಡಕ್ಟರನ ರಕ್ತದ ಫಲಿತಾಂಶ ಬಂದಿತ್ತು. ನಿಜ ಹೇಳಬೇಕೆಂದರೆ, ಆ ರಕ್ತ ಯಾರಿಗೂ ಬೇಕಿರಲಿಲ್ಲ.

ಬಸ್ ಕಂಡಕ್ಟರಾಗಿ ನಿವೃತ್ತನಾದ ಅವನ ಎಡಗಾಲಿನ ರಕ್ತನಾಳ ಕಟ್ಟಿಕೊಳ್ಳುತ್ತಾ ಬಂದಿತ್ತು. ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಇಂಥ ರೋಗ ಎಷ್ಟು ಬಲಿತಿದೆ ಎಂದು ರಕ್ತವೇ ಹೇಳೀತೇ ಎಂಬುದನ್ನು ಆಸ್ಪತ್ರೆಯ ಡಾಕ್ಟರಮ್ಮ ಅಧ್ಯಯನ ಮಾಡುತ್ತಿದ್ದರು. ಅದಕ್ಕೆಂದೇ ಅವನು ವರ್ಷವಿಡೀ ತಿಂಗಳಿಗೊಮ್ಮೆ ಬಂದು ಇವಳ ಮುಂದೆ ತೋಳು ಚಾಚುತ್ತಿದ್ದ.

"ನನ್ನ ಕಾಲೂ ನಮ್ಮ ಬಸ್ಸಿನ ಥರಾನೇ ಆಗೋಯ್ತು, ಕಂಬ ಕಂಬಕ್ಕೂ ನಿಲ್ಲತ್ತೆ. ಕುಡೀರಿ ಸೊಳ್ಳೆ ಮೇಡಂ, ನಾಚ್ಕೋಬೇಡಿ."

"ಮುಷ್ಟಿ ಬಿಗಿ ಹಿಡೀರಿ," ಎನ್ನುವಳು ಅವಳು. ನರ ಹುಡುಕುವ ನೆವದಲ್ಲಿ ಬೆರಳು ಅವನ ತೋಳಿನ ಮೇಲೆ ಇನ್ನೊಂದು ಗಳಿಗೆ ನಿಲ್ಲುತ್ತಿತ್ತು. ನರ ಎಲ್ಲಿದೆಯೆಂದು ಕಣ್ಣು ಮುಚ್ಚಿದರೂ ಅವಳಿಗೆ ಗೊತ್ತಿತ್ತು.

ಮನೆಯಲ್ಲಿ ತಂಗಿ ಆಡಿಕೊಳ್ಳುತ್ತಿದ್ದಳು: "ಏನಕ್ಕಾ, ತಿಂಗಳಿಗೊಂದೇ ದಿನ ಲ್ಯಾಬ್ ಕೋಟಿಗೆ ಇಸ್ತ್ರಿ ಭಾಗ್ಯ?"

"ಸುಮ್ನಿರೇ."

ಹೋದ ತಿಂಗಳು ಅಧ್ಯಯನ ಮುಗಿಯಿತು. ಅವನ ವರದಿ ಚೆನ್ನಾಗಿಯೇ ಇತ್ತು. ಈ ತಿಂಗಳು ಆ ದಿನ ಬಂತು, ಅವನು ಬರಲಿಲ್ಲ. ಬಾಗಿಲು ಕಿರ್ ಎಂದಾಗಲೆಲ್ಲ ಅವಳು ತಲೆಯೆತ್ತಿದಳು. ಲೇಬಲ್ಲನ್ನು ಮೂರು ಸಲ ಓದಿ ಅಂಟಿಸುವಂಥವಳು, ಕೊನೆಗೆ ಫೋನ್ ಎತ್ತಿ ಸುಳ್ಳು ಹೇಳಿಬಿಟ್ಟಳು: "ನಿಮ್ಮ ಹೋದ ಸಲದ ಸ್ಯಾಂಪಲ್ ಕೆಟ್ಟಿತ್ತು. ಇನ್ನೊಂದು ಸಲ ಬರ್ಬೇಕು."

"ಕೆಟ್ಟಿದ್ದು ರಕ್ತಾನಾ, ನಾನಾ?"

ಇವತ್ತು ಸಂಜೆ ಬಂದ. ಕಾಲು ಹೇಗಿದೆ ಎಂದರೆ, "ಇದೆಯಲ್ಲಾ, ಅದೇ ದೊಡ್ಡದು," ಎಂದ. ಬಂದನಲ್ಲ ಎಂಬ ಹಿಗ್ಗಿನಲ್ಲಿ ಅವಳು ಅವನ ಮುಖ ಬಾಡಿದ್ದನ್ನು ನೋಡಲೇ ಇಲ್ಲ. ಆಮೇಲೆ ಆ ರಕ್ತವನ್ನು ಚೆಲ್ಲಲು ಕೈ ಬರದೆ, ರಾತ್ರಿ ಪಾಳಿಯಲ್ಲಿ ಯಂತ್ರಕ್ಕೆ ಹಾಕಿದ್ದಳು.

ಪರದೆ ನೋಡಿದಳು. ಡಿ-ಡೈಮರ್, ಅಂದರೆ ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಚೂರು, ಹೋದ ತಿಂಗಳಿಗಿಂತ ನಾಲ್ಕು ಪಟ್ಟು ಏರಿತ್ತು. ಉರಿಯೂತದ ಗುರುತೂ ಏರಿತ್ತು. ಕಾಲಿನಲ್ಲಿ ಹೊಸದಾಗಿ ಹೆಪ್ಪುಗಟ್ಟಿರಬೇಕು. ಯಂತ್ರದಲ್ಲಿ ಮತ್ತೆ ಓಡಿಸಿದಳು. ಅದೇ.

ಮೊದಲ ರಿಂಗಿಗೇ ಅವನು ಫೋನ್ ತೆಗೆದ. "ನಿದ್ದೆ ಎಲ್ಲಿ ಬರತ್ತೆ ಮೇಡಂ? ಕಾಲು ಇಳಿಬಿಟ್ಟು ಕೂತಿದೀನಿ. ಪಾದ ಐಸಾಗಿದೆ."

"ಈಗಲೇ ಹೊರಡಿ. ಆಟೋ, ಕಾರು, ಏನು ಸಿಕ್ಕರೆ ಅದು." ಆಮೇಲೆ ಡಾಕ್ಟರಮ್ಮನನ್ನು ಎಬ್ಬಿಸಿದಳು.

ಬೆಳಗಾಗುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಡಾಕ್ಟರಮ್ಮ ಲ್ಯಾಬಿಗೇ ಬಂದರು. "ಕಾಲು ಉಳೀತು. ಇನ್ನೊಂದಿನ ತಡ ಆಗಿದ್ರೆ ಕತ್ತರಿಸಬೇಕಿತ್ತು. ಅಲ್ರೀ, ಅಧ್ಯಯನ ಮುಗಿದಿತ್ತಲ್ಲ, ಏನು ಅನುಮಾನ ಬಂದು ಕರೆಸಿದ್ರಿ?"

ಅವಳು ಟ್ಯೂಬುಗಳ ಸ್ಟ್ಯಾಂಡನ್ನು ನೆಟ್ಟಗೆ ಮಾಡತೊಡಗಿದಳು.

"ಹೋಗ್ಲಿ ಬಿಡಿ, ನಿಮ್ಮದು ಹದ್ದಿನ ಕಣ್ಣು. ಇನ್ಮೇಲೆ ಅವರ ರಕ್ತ ವಾರ್ಡಲ್ಲೇ ನರ್ಸ್ ತೆಗೀತಾರೆ. ನಿಮಗೆ ಟ್ಯೂಬ್ ಬರತ್ತೆ, ಅಷ್ಟೇ."

ಸ್ವಲ್ಪ ಹೊತ್ತಿಗೆ ಟ್ಯೂಬ್ ಬಂತು. ಇನ್ನೂ ಬೆಚ್ಚಗಿತ್ತು. ಅವಳು ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡಳು. ವಾರ್ಡು ಎರಡೇ ಮಹಡಿ ಮೇಲೆ. ಹೋಗಿ ಅವನಿಗಾದರೂ ಹೇಳಬಹುದು. ಆದರೆ ಸುಳ್ಳು ಹೇಳಿದೆ ಎಂದಷ್ಟೇ ಹೇಳಿ ಮುಗಿಸಲಾಗದು. ಯಾಕೆ ಎಂದೂ ಹೇಳಬೇಕಾಗುತ್ತದೆ.

ಫೋನ್ ಬಂತು. "ಇಷ್ಟೊತ್ತಾದ್ರೂ ಬಂದಿಲ್ವಲ್ಲ, ಏನಾಯ್ತಕ್ಕಾ?" ತಂಗಿ.

ತಂಗಿಗೂ ಬೇಡ, ಡಾಕ್ಟರಮ್ಮನಿಗೂ ಬೇಡ. ಅವನಿಗಂತೂ ಬೇಡವೇ ಬೇಡ.

"ಏನಿಲ್ಲ ಕಣೇ," ಎಂದಳು. "ಕೆಲಸ ಜಾಸ್ತಿ ಇತ್ತು."