ಹೋಗುವ ಕಡೆಗೆ ಮಾತ್ರ

ಹೊಲಿಗೆಯಕ್ಕ ಗಂಡನ ಹತ್ತಿರ ಕೇಳಿದ್ದು ಒಂದೇ ಒಂದು ಟಿಕೆಟ್ಟು. ಪರದೇಶದಲ್ಲಿರುವ ತನ್ನ ಅಕ್ಕನ ಊರಿಗೆ, ಹೋಗುವ ಕಡೆಗೆ ಮಾತ್ರ. ಬರುವ ಕಡೆಯದು ಬೇಡ ಎಂದು ಎರಡು ಸಲ ಬಿಡಿಸಿ ಹೇಳಿದ್ದಳು. ಹೆಂಡತಿ ಹೀಗೆಂದರೆ ಲೋಕದಲ್ಲಿ ಯಾವ ಗಂಡನಾದರೂ ತಲೆಯೆತ್ತಿ ನೋಡಿಯಾನು. ಈ ಪುಣ್ಯಾತ್ಮ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. "ಸಾಮಾನು ಎಷ್ಟು ಕೆ.ಜಿ. ಆಗುತ್ತೆ?" ಎಂದು ಕೇಳಿದ.

ಅವನ ಕಸುಬೇ ಅದು. ಪೇಟೆಯಲ್ಲಿ, ಮಹಡಿಯ ಮೇಲೆ, ಎರಡು ಕುರ್ಚಿಯ ಟಿಕೆಟ್ ಆಫೀಸು, ಜೊತೆಗೊಬ್ಬ ಪಾಲುದಾರ. ವಿದೇಶಕ್ಕೆ ಒಂದೇ ಕಡೆಯ ಟಿಕೆಟ್ಟನ್ನು ಅವನಷ್ಟು ಕಡಿಮೆಗೆ ಹುಡುಕಿಕೊಡುವವರು ಸುತ್ತಮುತ್ತ ಇರಲಿಲ್ಲ. ಬೀದಿಯವರೆಲ್ಲ ಅಗ್ಗದ ಸಾಹೇಬರು ಎಂದೇ ಕರೆಯುತ್ತಿದ್ದರು. ನೇರ ವಿಮಾನ ದುಬಾರಿಯಾದರೆ ನಡುವೆ ಇನ್ನೊಂದು ದೇಶದಲ್ಲಿ ಇಳಿಸಿ ಹತ್ತಿಸುತ್ತಿದ್ದ. ಶನಿವಾರ ಹೊರಡುವವರನ್ನು ಬುಧವಾರಕ್ಕೆ ಒಪ್ಪಿಸುತ್ತಿದ್ದ. ಹೋಗಿಬರುವ ಟಿಕೆಟ್ಟೇ ಅಗ್ಗವೆಂದು ಕಂಡರೆ ಅದನ್ನೇ ಕೊಡಿಸಿ, ಬರುವ ಅರ್ಧವನ್ನು ಮರೆತುಬಿಡಿ ಎನ್ನುತ್ತಿದ್ದ. ಆಫೀಸಿನಲ್ಲಿ ಒಂದೇ ಒಂದು ನಿಯಮ: ಒಂದು ಕಡೆಗೆ ಕೇಳಿದವರನ್ನು ಯಾಕೆ ಎಂದು ಕೇಳಕೂಡದು. ಕೆಲಸ ಸಿಕ್ಕವರಿರುತ್ತಾರೆ, ಮನೆ ಬಿಟ್ಟವರಿರುತ್ತಾರೆ, ಇಲ್ಲಿ ಮುಖ ತೋರಿಸಲಾಗದವರೂ ಇರುತ್ತಾರೆ. ಮೂಗು ತೂರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ನಡೆದುಬಿಡುತ್ತಾನೆ.

ಈ ನಿಯಮ ಅವಳಿಗೂ ಗೊತ್ತಿತ್ತು. ಆದರೆ ತಾನೇನು ಗಿರಾಕಿಯೇ? ಅಕ್ಕ ಅಲ್ಲಿ ಬಟ್ಟೆ ರಿಪೇರಿಯ ಅಂಗಡಿ ಇಟ್ಟಿದ್ದಳು. ತಂಗಿಗೆಂದು ಓಡಾಡಿ ಕೆಲಸದ ಕಾಗದಪತ್ರ ಮಾಡಿಸಿ ಕಳಿಸಿದ್ದಳು. ಎರಡು ತಿಂಗಳೊಳಗೆ ಅಲ್ಲಿ ಕಾಲಿಡದಿದ್ದರೆ ಅದು ರದ್ದು. ಇಪ್ಪತ್ತಾರು ವರ್ಷ ಗಂಡನ ನೆತ್ತಿಯ ಜೊತೆ ಮಾತಾಡಿ ಅವಳಿಗೆ ಸಾಕುಸಾಕಾಗಿತ್ತು. ಏನು ಹೇಳಿದರೂ ಪರದೆಯಿಂದ ಕಣ್ಣು ಕೀಳದೆ ಹೂಂ ಎನ್ನುವ ಮನುಷ್ಯ. ಗೋಡೆಯೇ ವಾಸಿ, ಅದು ಹೂಂ ಎಂದು ಮೋಸವನ್ನಾದರೂ ಮಾಡುವುದಿಲ್ಲ. ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಉಳಿದಿತ್ತು. ಯಾಕೆ ಹೋಗ್ತಿದ್ದೀಯ ಎಂದು ಒಂದೇ ಒಂದು ಸಲ ಕೇಳಿದರೆ, ಹೊರಡುವುದೋ ಬಿಡುವುದೋ ಇನ್ನೊಮ್ಮೆ ಯೋಚಿಸುವುದು.

ಅವನು ಜಪ್ಪಯ್ಯ ಅಂದರೂ ಕೇಳಲಿಲ್ಲ. ದಿನಾ ಸಂಜೆ ವರದಿ ಮಾತ್ರ ತಪ್ಪದೆ ಒಪ್ಪಿಸುತ್ತಿದ್ದ.

"ಇವತ್ತು ಸ್ವಲ್ಪ ಏರಿದೆ. ನಾಳೆ ಇಳಿಯುತ್ತೆ."

"ಒಂದು ಸಿಕ್ಕಿತ್ತು. ನಡುವೆ ಹತ್ತೊಂಬತ್ತು ಗಂಟೆ ಕೂತಿರಬೇಕು. ನಿನ್ನ ಮಂಡಿಗೆ ಆಗೋದಿಲ್ಲ."

"ಇದು ಅಗ್ಗಾನೇ. ಆದರೆ ಹೊಲಿಗೆ ಮೆಷಿನ್ ತಗೊಂಡು ಹೋಗೋಕೆ ಬಿಡಲ್ಲ."

ಹೀಗೇ ಏಳು ವಾರ ಕಳೆಯಿತು. ಕಂಡವರಿಗೆಲ್ಲ ಹತ್ತು ನಿಮಿಷದಲ್ಲಿ ಹುಡುಕಿಕೊಡುವವನಿಗೆ ಸ್ವಂತ ಹೆಂಡತಿಯನ್ನು ಸಾಗಹಾಕಲು ಏಳು ವಾರ ಸಾಲದೇ ಎಂದು ಅವಳು ಮೆಷಿನ್ನಿನ ಮುಂದೆ ಕುಳಿತು ಹಲ್ಲು ಕಡಿದಳು.

ಇನ್ನು ಒಂಬತ್ತೇ ದಿನ ಉಳಿದಿದ್ದಾಗ, ಭಾನುವಾರ ಬೆಳಿಗ್ಗೆ, ಆಫೀಸಿನ ಪಾಲುದಾರ ಹೊಸ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಿಕೊಳ್ಳಲು ಮನೆಗೆ ಬಂದ. ಅವಳು ಮುಂದಿನ ಕೋಣೆಯಲ್ಲಿ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅಂಚು ಮಡಚಿ ಗುಂಡುಸೂಜಿ ಹಾಕತೊಡಗಿದಳು.

"ಅಕ್ಕ, ನೀವು ಹೋಗೋದು ನಿಂತೇಹೋಯ್ತಾ?" ಎಂದ.

"ರೇಟು ಇಳಿದಿಲ್ವಂತಲ್ಲ."

"ಇಳಿದಿಲ್ವಾ? ಮೊದಲನೇ ವಾರವೇ ನೆಲ ಕಚ್ಚಿತ್ತು. ಹತ್ತು ವರ್ಷದಲ್ಲಿ ಅಷ್ಟು ಕಡಿಮೆ ನಾನು ನೋಡಿಲ್ಲ. ನಾನೇ ತೋರಿಸ್ದೆ. ಸಾಹೇಬ್ರು ನೋಡಿದ್ರು, ಕಂಪ್ಯೂಟರ್ ಆರಿಸಿ ಟೀ ಕುಡಿಯೋಕೆ ಹೋದ್ರು."

ಗುಂಡುಸೂಜಿ ಪಾಲುದಾರನ ಕಾಲಿಗೆ ಚುಚ್ಚಿತು. ಪಾಪ, ಅವನು ಕಾಲೆತ್ತಿಕೊಂಡು ಸ್ಟೂಲಿನ ಮೇಲೆ ತೂಗಾಡಿದ.

ಅವನನ್ನು ಬೀಳ್ಕೊಟ್ಟು ಅವಳು ಒಳಗೆ ಬಂದಳು. ಗಂಡ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕುಳಿತಿದ್ದ. ಎದುರಿನ ಕುರ್ಚಿ ಎಳೆದುಕೊಂಡು ಕೇಳಿದಳು.

"ಮೊದಲನೇ ವಾರ ಸಿಕ್ಕಿದ್ದನ್ನ ಯಾಕೆ ತಗೊಳ್ಳಲಿಲ್ಲ?"

ಅವನು ಕೀಬೋರ್ಡಿನ ಮೇಲಿಂದ ಕೈ ತೆಗೆದ.

"ಯಾಕೆ ಅಂತ ಕೇಳಿದ್ರೆ ನೀನು ಹೇಳಿಬಿಡ್ತಿದ್ದೆ," ಎಂದ. "ಹೇಳಿದ್ಮೇಲೆ ನಾನು ಟಿಕೆಟ್ ತೆಗೀಲೇಬೇಕಾಗ್ತಿತ್ತು."

"ಪರವಾಗಿಲ್ಲ. ಈಗ ಕೇಳಿ."

ಅವನು ಲ್ಯಾಪ್‌ಟಾಪ್ ಮುಚ್ಚಿದ. ಹಗಲುಹೊತ್ತಿನಲ್ಲಿ ಅದು ಮುಚ್ಚಿದ್ದನ್ನು ಅವಳು ನೋಡಿದ್ದೇ ಇಲ್ಲ.

"ಯಾಕೆ?" ಎಂದ.

ಅವಳು ಹೇಳಿದಳು. ಮದುವೆಯಾದ ವರ್ಷದಿಂದ ಶುರುಮಾಡಿ, ಒಂದನ್ನೂ ಬಿಡದೆ. ನಡುವೆ ಎರಡು ಸಲ ಅವನ ಫೋನು ಬಡಿದುಕೊಂಡಿತು, ಎತ್ತಲಿಲ್ಲ. "ಅಮ್ಮ ಹೋದ್ರು ಅಂತ ಬಂದು ಹೇಳ್ದಾಗಲೂ ಹೂಂ ಅಂದ್ರಿ. ಆಮೇಲೆ ಸಂಜೆ, ನಿಮ್ಮಮ್ಮ ಹೇಗಿದ್ದಾರೆ ಅಂತ ಕೇಳಿದ್ರಿ," ಎಂದಾಗ ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. ಮಧ್ಯಾಹ್ನವಾಯಿತು. ಅನ್ನಕ್ಕಿಡುವ ಯೋಚನೆ ಇಬ್ಬರಿಗೂ ಬರಲಿಲ್ಲ.

ಅವಳು ಮುಗಿಸಿದ ಮೇಲೆ ಅವನೆಂದ: "ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಹತ್ತು ವರ್ಷದ ಹಿಂದೆಯೇ ಹೋಗಿರ್ತಿದ್ದೆ."

ಕೂಗಾಡಿದರೆ ಏನು ಹೇಳುವುದು, ಕೈಮುಗಿದು ಬೇಡಿದರೆ ಏನು ಹೇಳುವುದು, ಎಲ್ಲಕ್ಕೂ ಅವಳು ಉತ್ತರ ಸಿದ್ಧಮಾಡಿಕೊಂಡಿದ್ದಳು. ಇದಕ್ಕೆ ಮಾಡಿಕೊಂಡಿರಲಿಲ್ಲ.

ಅವನು ಮತ್ತೆ ಲ್ಯಾಪ್‌ಟಾಪ್ ತೆರೆದು ಗುರುವಾರದ ನೇರ ವಿಮಾನ ಹುಡುಕಿದ. ಅವಳು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಬೆಲೆ ನೋಡಿದಳು.

"ಅಷ್ಟೊಂದಾ?"

"ಇರಲಿ. ಎಲ್ಲೂ ಇಳಿಯೋದು ಬೇಡ," ಎಂದು ಅವಳ ಹೆಸರು ತುಂಬಿದ, ಹುಟ್ಟಿದ ದಿನ ತುಂಬಿದ.

"ಪಾಸ್‌ಪೋರ್ಟ್ ಕಪಾಟಿನಲ್ಲಿದೆ. ತರ್ಲಾ?"

"ಬೇಡ. ನಂಬರು ಬಾಯಿಪಾಠ ಆಗಿದೆ," ಎಂದ. "ದಿನಾ ತುಂಬಿಸ್ತಿದ್ದೆನಲ್ಲ. ಕೊನೇ ಬಟನ್ ಒತ್ತೋಕೆ ಮಾತ್ರ ಕೈ ಬರ್ತಿರಲಿಲ್ಲ."

ಒಂದೂ ಅಂಕಿ ತಪ್ಪದೆ ಎಲ್ಲ ತುಂಬಿಸಿ, ಮೌಸನ್ನು ಅವಳ ಕಡೆ ಸರಿಸಿದ. ಅವಳು ಸ್ವಲ್ಪ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಳು. ಆಮೇಲೆ ಒತ್ತಿದಳು.

"ಮುಟ್ಟಿದ ಮೇಲೆ ಫೋನ್ ಮಾಡ್ತೀಯಾ?" ಎಂದು ಅವನು ಕೇಳಿದ.

"ಮಾಡ್ತೀನಿ. ಏನು ಹೇಳಿದ್ರೂ ಕೇಳಿಸ್ಕೊಳ್ತೀರಾ?"

"ದಿನಾ ಮಾಡು," ಎಂದ.