ಬೋಳು ಜಾಗದ ಚೌಕ

ಚೌಕವನ್ನು ಒಂದು ಮಾರು ಆಚೆ ಇಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಎಲ್ಲರೂ ಕೊಕ್ಕರೆ ಎಂದು ಕರೆಯುವ ವಿದ್ಯಾರ್ಥಿನಿ ಅದನ್ನು ಗದ್ದೆಯ ನಡುವಿನ ಬೋಳು ಜಾಗದಲ್ಲೇ ಊರಿಬಿಟ್ಟಿದ್ದಳು. ಮೀಟರ್ ಉದ್ದಗಲದ ಕಬ್ಬಿಣದ ಚೌಕ ಅದು. ಒಳಗೆ ಸಿಕ್ಕ ಪೈರನ್ನು ಕೊಯ್ದು, ಬಡಿದು, ಕಾಳು ತೂಗಿದರೆ ಇಡೀ ಗದ್ದೆಯ ಇಳುವರಿಯ ಅಂದಾಜು ಸಿಗುತ್ತದೆ. ಸುತ್ತಲೂ ತೆನೆ ತಲೆದೂಗುತ್ತಿದ್ದರೆ, ಚೌಕದೊಳಗೆ ಮುದುಕನ ಬಾಯಿಯ ಹಲ್ಲಿನಂತೆ ಅಲ್ಲೊಂದು ಇಲ್ಲೊಂದು ಬುಡ.

ಬದುವಿನ ಮೇಲೆ ನಿಂತಿದ್ದ ಮೇಡಂ ಕತ್ತು ಚಾಚಿ ಆ ಬುಡಗಳನ್ನು ಎಣಿಸಿದರು. ಕೃಷಿ ಕಾಲೇಜಿನಲ್ಲಿ ಹೊಲಗದ್ದೆಯ ಇಳುವರಿ ಅಳೆಯಲು ಕಲಿಸುವುದು ಅವರ ಕೆಲಸ. ಪಕ್ಕದಲ್ಲಿದ್ದವರು ಅವರ ಗಂಡ, ಈ ಭತ್ತದ ತಳಿಯನ್ನು ಹುಟ್ಟುಹಾಕಿದವರು. ಮಕ್ಕಳಿಲ್ಲದ ಆ ಮನೆಯಲ್ಲಿ ಊಟದ ಮೇಜಿನ ಮೇಲೆ, ಕಿಟಕಿಯ ಕಟ್ಟೆಯಲ್ಲಿ, ಕೊನೆಗೆ ಮಂಚದ ಕೆಳಗೂ ಇದೇ ಬೀಜದ ತಟ್ಟೆಗಳು. ಹೆಂಡತಿಯ ಶಿಷ್ಯರೇ ಅಳೆಯುತ್ತಾರಂತೆ, ನಿನಗೇನು ಚಿಂತೆ ಎಂದು ಗೆಳೆಯರು ಚುಡಾಯಿಸಿದಾಗ, ಅದಕ್ಕೇ ಹೆದರಿಕೆ ಎಂದಿದ್ದರು ಗಂಡ. ರೈತರ ಗದ್ದೆಯಲ್ಲಿ ಹಳೆಯ ತಳಿಗಿಂತ ಹೆಚ್ಚು ಬೆಳೆದರಷ್ಟೇ ಬೀಜ ಊರೂರಿಗೆ ಹೋಗುತ್ತದೆ. ಇಲ್ಲವಾದರೆ ಅಷ್ಟೂ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಉಳಿದ ಗದ್ದೆಗಳಲ್ಲಿ ಅದು ಕೂದಲೆಳೆಯಷ್ಟು ಮುಂದಿತ್ತು. ಇದು ಕೊನೆಯ ಗದ್ದೆ, ಕೊನೆಯ ಚೌಕ.

ಚೌಕ ಎಲ್ಲಿಡಬೇಕೆಂದು ಹೇಳುವುದು ಕಣ್ಣುಮುಚ್ಚಿ ಎತ್ತಿದ ಚೀಟಿ. ಅದರಲ್ಲಿ ಬಂದಷ್ಟು ಹೆಜ್ಜೆ ಉದ್ದಕ್ಕೆ, ಬಂದಷ್ಟು ಅಡ್ಡಕ್ಕೆ. ಪ್ರತಿ ವರ್ಷ ಹುಡುಗರು ಮಾಡುವ ತಪ್ಪೂ ಒಂದೇ: ಕೊನೆಯ ಹೆಜ್ಜೆಯನ್ನು ಒಂದಿಷ್ಟು ಉದ್ದ ಹಾಕಿ, ಚೆಂದದ ಪೈರಿನ ಮೇಲೆ ಚೌಕ ಇಡುವುದು. ಗದ್ದೆಯ ಯಜಮಾನ ನೋಡುತ್ತಿರುತ್ತಾನೆ, ಪಾಪ, ಅವನ ಮುಖ ಸಣ್ಣದಾಗಬಾರದಲ್ಲ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ಹೇಳಿ ಮೇಡಂ ತರಗತಿಯನ್ನು ನಗಿಸುತ್ತಿದ್ದರು. ಈಗ ಅವರಿಗೇ ನಗು ಬರಲಿಲ್ಲ.

"ಅಲ್ಲಿ ನೀರು ನಿಂತು ಸಸಿ ಕೊಳೆತಿದೆ. ಬೀಜದ ತಪ್ಪಲ್ಲ ಕಣೇ," ಎಂದರು ಗಂಡ, ದನಿ ತಗ್ಗಿಸಿ. "ಒಂಚೂರು ಸರಿಸೋಕೆ ಹೇಳು."

ನ್ಯಾಯವಾದ ಮಾತೇ ಅನ್ನಿಸಿತು. ಇಷ್ಟು ವರ್ಷದಲ್ಲಿ ಅವರು ಹೆಂಡತಿಯ ಕೆಲಸಕ್ಕೆ ತಲೆಹಾಕಿದವರೂ ಅಲ್ಲ. ಮೇಡಂ ಗದ್ದೆಗಿಳಿದು, ಶಿಷ್ಯೆಯ ಮುಖ ನೋಡದೆ, ಸ್ವಲ್ಪ ಆಚೆ ಇಡಮ್ಮ ಎಂದುಬಿಟ್ಟರು.

ಮೊದಲ ವರ್ಷ ಕೆಸರಲ್ಲಿ ಕಾಲೆತ್ತೆತ್ತಿ ನಡೆದು ಕೊಕ್ಕರೆ ಎಂಬ ಹೆಸರು ಗಿಟ್ಟಿಸಿದ್ದ ಹುಡುಗಿ ಅವಳು. ತರಗತಿಯಲ್ಲಿ ಬಾಯಿ ಬಿಟ್ಟವಳೇ ಅಲ್ಲ. ಅವಳ ಅಂಕವೆಲ್ಲ ಮೇಡಂ ಕೈಯಲ್ಲಿತ್ತು. ಆದರೂ ಹಿಡಿದ ಚೌಕವನ್ನು ಅವಳು ಬಿಡಲಿಲ್ಲ.

"ಇಲ್ಲೂ ನಾಟಿ ಮಾಡಿದಾರೆ ಮೇಡಂ, ಇಲ್ಲೂ ಗೊಬ್ಬರ ಹಾಕಿದಾರೆ. ನಾವು ಬಿಟ್ಬಿಟ್ರೆ ಈ ರೈತ್ರ ನಷ್ಟ ಯಾವ ಲೆಕ್ಕಕ್ಕೂ ಬರಲ್ಲ. ನಾನು ಸರಿಸಲ್ಲ."

ಮೇಡಂ ಮುಖ ಕೆಂಪಾಯಿತು. ಮೊದಲು ನಾಚಿಕೆಯಿಂದಲೇ. ಆಮೇಲೆ ಎದೆಯಲ್ಲಿ ಏನೋ ಉಬ್ಬಿಬಂದಿತು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದು ತಾವೇ ಬೇಸತ್ತಿದ್ದ ಪಾಠ ಈ ಮೂಕಿಯೊಳಗೆ ಹೀಗೆ ಬೇರು ಬಿಟ್ಟಿತ್ತಲ್ಲ. ತಮ್ಮ ಹೊಟ್ಟೆಯಲ್ಲೇ ಹುಟ್ಟಿದ್ದರೂ ಇಷ್ಟು ಹೆಮ್ಮೆ ಆಗುತ್ತಿತ್ತೋ ಇಲ್ಲವೋ.

"ರೀ, ಚೌಕ ಅಲ್ಲೇ ಇರುತ್ತೆ," ಎಂದರು, ಬದುವಿನ ಮೇಲಿದ್ದವರಿಗೆಲ್ಲ ಕೇಳುವ ಹಾಗೆ. "ನನ್ನ ಹುಡುಗಿ ಸರಿಯಾಗೇ ಇಟ್ಟಿದಾಳೆ."

ಗಂಡ ಚಪ್ಪಲಿ ಬಿಟ್ಟು ಗದ್ದೆಗಿಳಿದು ಬಂದರು. ಹುಡುಗರು ದಾರಿ ಬಿಟ್ಟರು. ಕೊಕ್ಕರೆ ಕುಡುಗೋಲು ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಅವರು ಚೌಕದ ಪಕ್ಕ ಕುಕ್ಕರುಗಾಲಲ್ಲಿ ಕುಳಿತರು.

ಹೊರಗಿನ ಬುಡವೊಂದರ ತುಂಬಿದ ತೆನೆ ಭಾರಕ್ಕೆ ಬಾಗಿ ಚೌಕದೊಳಗೆ ಮಲಗಿತ್ತು. ಬುಡ ಹೊರಗಿದ್ದರೆ ತೆನೆಯೂ ಹೊರಗಿನದೇ, ಲೆಕ್ಕಕ್ಕಿಲ್ಲ. ಅವರು ಅದನ್ನು ಅಂಗೈಯಲ್ಲಿ ಎತ್ತಿಕೊಂಡು, ಒಂದು ಗಳಿಗೆ ಅದರ ತೂಕ ನೋಡಿ, ಒಂದು ಕಾಳೂ ಉದುರದ ಹಾಗೆ ಚೌಕದ ಆಚೆಗೆ ಸರಿಸಿದರು.